ಮೂವತ್ತಕ್ಕೇ ಆಟ ಬಿಟ್ಟ ಕ್ಯಾಲ್ವಿನ್ ಜಾನ್ಸನ್, ವಾಪಸ್ ಕೇಳಿಸಿಕೊಂಡ 16 ಲಕ್ಷ ಡಾಲರ್

2016ರ ಮಾರ್ಚ್ 8. ಅಮೆರಿಕನ್ ಫುಟ್‌ಬಾಲ್ ಲೀಗು ಎನ್‌ಎಫ್‌ಎಲ್‌ನ ಡೆಟ್ರಾಯ್ಟ್ ಲಯನ್ಸ್ ಟೀಮಿನ ವೈಡ್ ರಿಸೀವರ್ ಕ್ಯಾಲ್ವಿನ್ ಜಾನ್ಸನ್ ರಿಟೈರ್ ಆದ. ಪ್ರೆಸ್ ಮೀಟ್ ಇಲ್ಲ, ಕಣ್ಣೀರಿನ ಭಾಷಣ ಇಲ್ಲ, ಒಂದು ಲಿಖಿತ ಹೇಳಿಕೆ ಅಷ್ಟೇ. ವಯಸ್ಸು ಬರೀ 30. ಹಿಂದಿನ ಸೀಸನ್ನಲ್ಲಿ 88 ಕ್ಯಾಚ್, 1,214 ಯಾರ್ಡ್, 9 ಟಚ್‌ಡೌನ್ ಹೊಡೆದಿದ್ದ ಮನುಷ್ಯ, ಅಂದ್ರೆ ಫಾರ್ಮ್ ಹೋಗಿ ಮೂಲೆಗೆ ಸೇರಿದವನಲ್ಲ, ಇನ್ನೊಂದು ವರ್ಷ ಸುಮ್ನೆ ಆಡಿದ್ರೂ ಸುಮಾರು 1.6 ಕೋಟಿ ಡಾಲರ್ ಸಂಬಳ ಕೈಗೆ ಬರ್ತಿತ್ತು. ಅದನ್ನ ಬಿಟ್ಟು ಎದ್ದು ಹೋದ. ಹೋದಮೇಲೆ ಕ್ಲಬ್ಬು ಹಿಂದೆ ಕೊಟ್ಟಿದ್ದ ಬೋನಸ್‌ನಲ್ಲಿ ಒಂದು ಭಾಗ ವಾಪಸ್ ಕೊಡು ಅಂತು. ಅವನೂ ಕೊಟ್ಟ. ಆಮೇಲೆ ಎಷ್ಟೋ ವರ್ಷ ಆ ಊರಿನ ಅತಿ ದೊಡ್ಡ ಆಟಗಾರನಿಗೂ ಆ ಊರಿನ ಟೀಮಿಗೂ ಸರಿ ಇರ್ಲಿಲ್ಲ.

ನಾನಿಲ್ಲಿ ಬರೀತಿರೋದು ಈ ಒಂದು ಪ್ರಕರಣದ ಬಗ್ಗೆ. ನನ್ನ ಮಟ್ಟಿಗೆ ಇದು ಹಣದ ಜಗಳ ಅಲ್ಲ, ಒಬ್ಬ ಮನುಷ್ಯ ಒಂಬತ್ತು ವರ್ಷ ಮೈ ಸವೆಸಿದಮೇಲೆ ಅವನನ್ನ ಹೇಗೆ ಕಳಿಸಿಕೊಡಬೇಕು ಅನ್ನೋ ಪ್ರಶ್ನೆ. ಕೆಲಸದ ಮೇಲೆ ಕೆಲವು ವರ್ಷ ಡೆಟ್ರಾಯ್ಟ್ ಪಕ್ಕದ ಊರಲ್ಲಿ ಇದ್ದೆ, ಆ ಟೀಮಿನ ಸೋಲುಗಳನ್ನ ಆ ಊರಿನವರ ಜೊತೆ ಕೂತು ನೋಡಿದೀನಿ, ಅದಕ್ಕೇ ಇದು ಇನ್ನೂ ಮನಸ್ಸಿಂದ ಹೋಗಿಲ್ಲ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅನ್ನೋನು ಚೆಂಡು ಎಸೀತಾನೆ, ವೈಡ್ ರಿಸೀವರ್ ಅನ್ನೋನು ಎದುರಾಳಿಗಳನ್ನ ತಪ್ಪಿಸಿಕೊಂಡು ಮುಂದಕ್ಕೆ ಓಡಿ ಅದನ್ನ ಹಿಡೀತಾನೆ. ಹಿಡಿದು ಟೀಮನ್ನ ಎಷ್ಟು ಮುಂದೆ ಒಯ್ದ ಅನ್ನೋದೇ ಯಾರ್ಡ್ ಲೆಕ್ಕ, ಎದುರಾಳಿಯ ಕೊನೇ ಗೆರೆ ದಾಟಿಸಿದ್ರೆ ಟಚ್‌ಡೌನ್. ಕೇಳೋಕೆ ಸುಲಭ. ಬೌಂಡರಿ ಗೆರೆ ಹತ್ರ ಫೀಲ್ಡರ್ ಎತ್ತರದ ಕ್ಯಾಚ್ ಹಿಡಿಯೋದನ್ನ ನೆನಪು ಮಾಡ್ಕೊಳ್ಳಿ, ಅದೇ ಹೊತ್ತಿಗೆ ನೂರು ಕೆಜಿ ತೂಕದ ಇನ್ನೊಬ್ಬ ಆಳು ಪೂರ್ತಿ ವೇಗದಲ್ಲಿ ಓಡಿಬಂದು ನಿಮ್ಮ ಪಕ್ಕೆಗೆ ಹೆಲ್ಮೆಟ್ ಸಮೇತ ಗುದ್ದುತಾನೆ ಅಂದ್ಕೊಳ್ಳಿ, ನೀವು ನೋಡ್ತಿರೋದು ಚೆಂಡನ್ನ, ಅವನು ಯಾವ ಕಡೆಯಿಂದ ಬರ್ತಾನೆ ಅಂತ ಗೊತ್ತಾಗಲ್ಲ. ಇದು ಒಂದು ಮ್ಯಾಚಲ್ಲಿ ಏಳೆಂಟು ಸಲ. ವರ್ಷಕ್ಕೆ (ಆಗಿನ ಲೆಕ್ಕದಲ್ಲಿ) 16 ಲೀಗ್ ಮ್ಯಾಚು.

ಕ್ಯಾಲ್ವಿನ್ ಹುಟ್ಟಿದ್ದು 1985ರ ಸೆಪ್ಟೆಂಬರ್ 29ಕ್ಕೆ ಜಾರ್ಜಿಯಾದ ನ್ಯೂನನ್‌ನಲ್ಲಿ, ಬೆಳೆದಿದ್ದು ಅಲ್ಲೇ ಟೈರೋನ್ ಅನ್ನೋ ಸಣ್ಣ ಊರಲ್ಲಿ. ಅಪ್ಪ ರೈಲ್ವೆ ಕೆಲಸ, ಅಮ್ಮ ಶಿಕ್ಷಣ ಕ್ಷೇತ್ರದವರು, ಮನೇಲಿ ಓದು ಮೊದಲು ಆಟ ಆಮೇಲೆ. ಹಾಗಾಗಿ ಕಾಲೇಜಿಗೂ ಅಟ್ಲಾಂಟಾದ ಜಾರ್ಜಿಯಾ ಟೆಕ್ ಸೇರಿದ, ಅದು ಓದಿಗೇ ಹೆಸರಾದ ಜಾಗ. ಅಲ್ಲಿದ್ದಾಗ ಬೊಲಿವಿಯಾದ ಹಳ್ಳಿಗಳಿಗೆ ಸೌರಶಕ್ತಿಯ ಶೌಚಾಲಯ ರೂಪಿಸೋ ಪ್ರಾಜೆಕ್ಟಲ್ಲಿ ಕೆಲಸ ಮಾಡಿದ್ದ. ನನಗೆ ಈ ವಿಷಯ ತುಂಬಾ ಇಷ್ಟ, ಯಾಕಂದ್ರೆ ಆಗಲೇ ದೇಶದ ದೊಡ್ಡ ದೊಡ್ಡ ಟೀಮುಗಳು ಇವನ ಮೇಲೆ ಕಣ್ಣಿಟ್ಟಿದ್ದವು. ಮೂರು ಸೀಸನ್ನಲ್ಲಿ 178 ಕ್ಯಾಚ್, 28 ಟಚ್‌ಡೌನ್. 2006ರಲ್ಲಿ ದೇಶದ ಅತ್ಯುತ್ತಮ ಕಾಲೇಜ್ ರಿಸೀವರ್‌ಗೆ ಕೊಡೋ ಬಿಲೆಟ್ನಿಕಾಫ್ ಪ್ರಶಸ್ತಿ.

2007ರ ಆರಂಭದಲ್ಲಿ ಟೀಮುಗಳು ಹೊಸ ಹುಡುಗರನ್ನ ಪರೀಕ್ಷೆ ಮಾಡೋ ಕಂಬೈನ್‌ನಲ್ಲಿ 40 ಯಾರ್ಡ್ ಓಡ್ಬೇಕು. ಇವನು ಓಡೋ ಯೋಚನೆನೇ ಇಟ್ಕೊಂಡಿರ್ಲಿಲ್ಲ, ಆ ಹೊತ್ತಿಗೆ ಮನಸ್ಸು ಬದಲಾಯಿಸಿ ಬೇರೆ ಹುಡುಗನ ಹತ್ರ ಶೂ ಎರವಲು ತಗೊಂಡು ಓಡಿದ. 4.35 ಸೆಕೆಂಡ್. 6 ಅಡಿ 5 ಇಂಚು ಎತ್ತರ, 107 ಕೆಜಿ ಆಸುಪಾಸಿನ ಮೈ, ಬೇರೆಯವನ ಶೂ. ಅಲ್ಲಿದ್ದವರು ಸ್ಟಾಪ್‌ವಾಚ್ ನೋಡಿ ಮುಖ ಮುಖ ನೋಡ್ಕೊಂಡಿರ್ಬೇಕು.

ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸೋ ಡ್ರಾಫ್ಟ್‌ನಲ್ಲಿ ಲಯನ್ಸ್ ಅವನನ್ನ ಎರಡನೇ ನಂಬರಿಗೆ ಆರಿಸಿಕೊಂಡ್ರು. ಈ ಟೀಮಿನ ಕಥೆ ಗೊತ್ತಿಲ್ಲದಿದ್ರೆ ಮುಂದಿನದು ಅರ್ಥ ಆಗಲ್ಲ. ಫೋರ್ಡ್ ಕಾರಿನ ಮನೆತನದ ವಿಲಿಯಂ ಕ್ಲೇ ಫೋರ್ಡ್ 1963ರಲ್ಲಿ 45 ಲಕ್ಷ ಡಾಲರಿಗೆ ಕೊಂಡ ಟೀಮು. ಅದಾದಮೇಲೆ ಒಂದು ಸಲಾನೂ ಸೂಪರ್ ಬೌಲ್, ಅಂದ್ರೆ ಲೀಗಿನ ಫೈನಲ್, ಕಂಡಿಲ್ಲ. ಮ್ಯಾಟ್ ಮಿಲ್ಲನ್ ಅನ್ನೋ ಜನರಲ್ ಮ್ಯಾನೇಜರ್ 2003, 2004, 2005 ಮೂರು ವರ್ಷನೂ ಮೊದಲ ಆಯ್ಕೆಯಾಗಿ ರಿಸೀವರನ್ನೇ ತಂದಿದ್ರು, ಚಾರ್ಲ್ಸ್ ರೋಜರ್ಸ್, ರಾಯ್ ವಿಲಿಯಮ್ಸ್, ಮೈಕ್ ವಿಲಿಯಮ್ಸ್, 2007ಕ್ಕೆ ಮತ್ತೆ ರಿಸೀವರ್. ಊರಿನವರಿಗೆ ಸಾಕಾಗಿ ಹೋಗಿತ್ತು. ಆದ್ರೆ ಈ ಸಲ ಸಿಕ್ಕಿದ್ದು ಚಿನ್ನ. ಇವನ ಕೈ ಗಾತ್ರ ನೋಡಿ ಅದೇ ರಾಯ್ ವಿಲಿಯಮ್ಸ್ ಮೆಗಾಟ್ರಾನ್ ಅಂತ ಹೆಸರಿಟ್ಟ, ಟ್ರಾನ್ಸ್‌ಫಾರ್ಮರ್ಸ್‌ನಲ್ಲಿ ಬರೋ ದೈತ್ಯ ರೋಬೋ ಹೆಸರು, ಅದೇ ನಿಂತು ಹೋಯ್ತು.

ಎರಡನೇ ವರ್ಷ, 2008, ಲಯನ್ಸ್ 16ಕ್ಕೆ 16 ಮ್ಯಾಚೂ ಸೋತ್ರು. 16 ಮ್ಯಾಚಿನ ಸೀಸನ್ನಲ್ಲಿ ಅಂಥದ್ದು ಅದಕ್ಕೆ ಮುಂಚೆ ಯಾವ ಟೀಮಿಗೂ ಆಗಿರ್ಲಿಲ್ಲ. ಆ ವರ್ಷ ಕ್ಯಾಲ್ವಿನ್ ಲೆಕ್ಕ ನೋಡಿ: 78 ಕ್ಯಾಚ್, 1,331 ಯಾರ್ಡ್, 12 ಟಚ್‌ಡೌನ್. ಚೆಂಡು ಎಸೆಯೋರು ಒಬ್ಬರಾದ್ಮೇಲೆ ಒಬ್ಬರು ಬದಲಾಗ್ತಿದ್ರು, ಟೀಮು ಪ್ರತಿ ಭಾನುವಾರ ಸೋಲ್ತಿತ್ತು, ಇವನು ಮಾತ್ರ ಓಡಿ, ಹಾರಿ, ಹಿಡಿದು, ಗುದ್ದಿಸಿಕೊಂಡು, ಮತ್ತೆ ಎದ್ದು ಬಂದು ಗೆರೆ ಮೇಲೆ ನಿಲ್ತಿದ್ದ. ಒಂದು ದಿನ ಬಾಯಿಬಿಟ್ಟು ಯಾರನ್ನೂ ಬೈದವನಲ್ಲ.

ಈಗ ಒಂದು ಕ್ಯಾಚಿನ ಬಗ್ಗೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. 2010ರ ಸೆಪ್ಟೆಂಬರ್ 12, ಸೀಸನ್ನಿನ ಮೊದಲ ಮ್ಯಾಚು, ಶಿಕಾಗೋದ ಸೋಲ್ಜರ್ ಫೀಲ್ಡ್. ಲಯನ್ಸ್ 19-14ರಿಂದ ಹಿಂದೆ, ಉಳಿದಿರೋದು ಸುಮಾರು ಅರ್ಧ ನಿಮಿಷ. ಮುಖ್ಯ ಕ್ವಾರ್ಟರ್‌ಬ್ಯಾಕ್ ಸ್ಟಾಫರ್ಡ್ ಭುಜಕ್ಕೆ ಪೆಟ್ಟು ಬಿದ್ದು ಹೊರಗಡೆ, ಬದಲಿ ಶಾನ್ ಹಿಲ್ 25 ಯಾರ್ಡ್ ದೂರಕ್ಕೆ ಎತ್ತಿ ಎಸೆದ. ಕ್ಯಾಲ್ವಿನ್ ಡಿಫೆಂಡರ್ ತಲೆ ಮೇಲೆ ಹಾರಿ ಚೆಂಡು ಕಿತ್ಕೊಂಡ. ಎರಡೂ ಪಾದ ನೆಲಕ್ಕೆ ಬಂತು. ಸೊಂಟ ನೆಲಕ್ಕೆ ಬಂತು. ಚೆಂಡು ಒಂದೇ ಕೈಯಲ್ಲಿ, ಬಾಳೆಹಣ್ಣು ಹಿಡಿದಷ್ಟು ಸಲೀಸಾಗಿ. ಹೊರಳಿ ಏಳೋಕೆ ಅದೇ ಕೈ ನೆಲಕ್ಕೆ ಊರಿದ, ಚೆಂಡು ನೆಲಕ್ಕೆ ತಾಗಿ ಕೈಬಿಟ್ಟಿತು, ಅವನು ಅದನ್ನ ಅಲ್ಲೇ ಬಿಟ್ಟು ಸಂಭ್ರಮಕ್ಕೆ ಓಡಿದ. ಪಕ್ಕದಲ್ಲಿದ್ದ ಅಂಪೈರ್ ಎರಡೂ ಕೈ ಎತ್ತಿ ಟಚ್‌ಡೌನ್ ಅಂದ್ರು. ಆಮೇಲೆ ಎಲ್ಲಾ ಸೇರಿ ಮಾತಾಡಿ ಇಲ್ಲ ಅಂದ್ರು, ರೀಪ್ಲೇ ನೋಡಿಯೂ ಇಲ್ಲ ಅಂದ್ರು. ಕ್ಯಾಚ್ ಹಿಡಿಯೋ ಕ್ರಿಯೆ ಪೂರ್ತಿ ಆಗಿರ್ಲಿಲ್ಲವಂತೆ. ಮ್ಯಾಚು ಸೋತ್ರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತೀವಲ್ಲ, ಇಲ್ಲಿ ತುತ್ತು ಬಾಯಿಗೆ ಹೋಗಿ ನುಂಗಿದಮೇಲೂ ನೀನು ಉಂಡಿಲ್ಲ ಅಂದಂಗಾಯ್ತು. ಜನ ಆ ನಿಯಮಕ್ಕೆ ಅವನ ಹೆಸರನ್ನೇ ಇಟ್ರು, ಕ್ಯಾಲ್ವಿನ್ ಜಾನ್ಸನ್ ರೂಲ್ ಅಂತ. ಲೀಗು ಅದನ್ನ ಬದಲಾಯಿಸಿದ್ದು 2018ರಲ್ಲಿ. ಅಷ್ಟೊತ್ತಿಗೆ ಇವನು ಆಟ ಬಿಟ್ಟು ಎರಡು ವರ್ಷ.

2011ರಲ್ಲಿ 1,681 ಯಾರ್ಡ್, 16 ಟಚ್‌ಡೌನ್. ಆ ಅಕ್ಟೋಬರಲ್ಲಿ ಡಲ್ಲಾಸ್ ಮೇಲೆ 27-3ರಿಂದ ಹಿಂದೆ ಬಿದ್ದಿದ್ದ ಲಯನ್ಸ್ 34-30ಕ್ಕೆ ಗೆದ್ದ ಮ್ಯಾಚಲ್ಲಿ ಮೂರು ಜನ ಸುತ್ತ ನಿಂತಿದ್ರೂ ಅವರ ತಲೆ ಮೇಲಿಂದ ಚೆಂಡು ತೆಗೆದ. ಟೀಮು 10-6 (10 ಗೆಲುವು, 6 ಸೋಲು) ಮಾಡಿ ಪ್ಲೇಆಫ್‌ಗೆ ಹೋಯ್ತು, ನ್ಯೂ ಆರ್ಲಿಯನ್ಸ್ ಎದುರು 45-28ಕ್ಕೆ ಸೋತು ಬಂತು, ಇವನು ಆ ಮ್ಯಾಚಲ್ಲೂ 12 ಕ್ಯಾಚ್ ಹಿಡಿದು 211 ಯಾರ್ಡ್. 2012ರ ಮಾರ್ಚಲ್ಲಿ 8 ವರ್ಷದ ಕಾಂಟ್ರಾಕ್ಟ್, ಒಟ್ಟು 13.2 ಕೋಟಿ ಡಾಲರ್ ಅಂತ ಪೇಪರಲ್ಲೆಲ್ಲಾ ಬಂತು. ಈ ಕಾಂಟ್ರಾಕ್ಟನ್ನ ನೆನಪಲ್ಲಿಟ್ಕೊಳ್ಳಿ, ಮುಂದಿನ ಜಗಳದ ಬೇರು ಇಲ್ಲೇ ಇರೋದು.

ಆ ದುಡ್ಡಿಗೆ ಅವನು ಅದೇ ವರ್ಷ ಲೆಕ್ಕ ಒಪ್ಪಿಸಿದ. 2012ರಲ್ಲಿ 122 ಕ್ಯಾಚ್, 1,964 ಯಾರ್ಡ್. ಜೆರ್ರಿ ರೈಸ್ 1995ರಲ್ಲಿ ಮಾಡಿದ್ದ 1,848ರ ದಾಖಲೆ ಮುರಿದಿದ್ದು ಡಿಸೆಂಬರ್ 22ರ ರಾತ್ರಿ, ಫೋರ್ಡ್ ಫೀಲ್ಡ್‌ನಲ್ಲಿ, ಅಟ್ಲಾಂಟಾ ವಿರುದ್ಧ. ದಾಖಲೆ ಮುರಿದ ಚೆಂಡನ್ನ ಎತ್ಕೊಂಡು ಮೈದಾನದ ಅಂಚಿಗೆ ಓಡಿ ಅಪ್ಪನ ಕೈಗೆ ಕೊಟ್ಟ. ಆ ಮ್ಯಾಚೂ ಸೋತ್ರು, ಆ ಸೀಸನ್ 4-12. 2021ರಲ್ಲಿ ಕೂಪರ್ ಕಪ್ 17 ಮ್ಯಾಚ್ ಆಡಿ 1,947ಕ್ಕೆ ಬಂದು ನಿಂತ, 17 ಯಾರ್ಡ್ ಕಡಿಮೆ, ಅದೂ ಒಂದು ಮ್ಯಾಚ್ ಜಾಸ್ತಿ ಆಡಿ.

2013ರ ಅಕ್ಟೋಬರ್ 27 ಡಲ್ಲಾಸ್ ಮೇಲೆ ಒಂದೇ ಮ್ಯಾಚಲ್ಲಿ 14 ಕ್ಯಾಚ್, 329 ಯಾರ್ಡ್. ಇದಕ್ಕಿಂತ ಜಾಸ್ತಿ ಲೀಗಿನ ಇತಿಹಾಸದಲ್ಲಿ ಒಬ್ಬನೇ ಮಾಡಿರೋದು, 1989ರಲ್ಲಿ ಫ್ಲಿಪ್ಪರ್ ಆಂಡರ್ಸನ್ 336, ಅದಕ್ಕೆ ಓವರ್‌ಟೈಮ್ ಬೇಕಾಯ್ತು. ಆ ಮ್ಯಾಚು 31-30ಕ್ಕೆ ಗೆದ್ರು. ಮಾರನೇ ದಿನ ನಮ್ಮ ಆಫೀಸಲ್ಲಿ ಯಾರೂ ಮೊದಲ ಒಂದು ಗಂಟೆ ಕೆಲಸ ಮುಟ್ಟಲಿಲ್ಲ.

ಈಗ ಮೈ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಈ ಪ್ರಕರಣದಲ್ಲಿ ಅಂಕಿಗಿಂತ ಅದೇ ಮುಖ್ಯ. ಅವನ ಕೈಬೆರಳುಗಳ ಫೋಟೋ ನೋಡಿದವರು ಮರೆಯಲ್ಲ. ಬೆರಳು ಗಂಟಿನ ಹತ್ರ ಮುರಿದು ಸೇರಿ ಪಕ್ಕಕ್ಕೆ ವಾಲಿದೆ, ಕೈ ಚಾಚಿದ್ರೆ ನೇರ ನಿಲ್ಲಲ್ಲ. ಆ ಬೆರಳಲ್ಲೇ ಗಂಟೆಗೆ ಎಂಬತ್ತು ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಬರೋ ಚೆಂಡು ಹಿಡೀಬೇಕಿತ್ತು. 2013ರ ಸೀಸನ್ ಮುಗಿದಮೇಲೆ ಮೊಣಕಾಲು, ಬೆರಳು ಎರಡಕ್ಕೂ ಆಪರೇಷನ್. 2014ರಲ್ಲಿ ಪಾದದ ಗಂಟು ಉಳುಕಿ ಮೂರು ಮ್ಯಾಚು ಹೊರಗೆ, ಆ ಗಂಟು ಆಮೇಲೆ ಮೊದಲಿನಂಗೆ ಆಗಲೇ ಇಲ್ಲ. ಬೆನ್ನು ಬೇರೆ. ಇಷ್ಟಾಗಿಯೂ ಒಂಬತ್ತು ವರ್ಷದ 144 ಲೀಗ್ ಮ್ಯಾಚಲ್ಲಿ 135 ಆಡಿದಾನೆ. ಬರೀ ಒಂಬತ್ತು ತಪ್ಪಿಸಿದಾನೆ!

ಹೇಗೆ ಆಡ್ತಿದ್ದ ಅಂದ್ರೆ ಅದನ್ನ ಅವನೇ ರಿಟೈರ್ ಆದಮೇಲೆ ಹೇಳ್ಕೊಂಡ. ಆಡೋಕೆ ಶುರು ಮಾಡಿದ ಕಾಲದಲ್ಲಿ ನೋವಿನ ಮಾತ್ರೆ ಕೇಳಿದಷ್ಟು ಸಿಗ್ತಿತ್ತಂತೆ, ತಲೆಗೆ ಪೆಟ್ಟು ಬೀಳೋದು ಮಾಮೂಲಂತೆ, ಆಟಗಾರರು ಅದನ್ನ ಕೋಚಿಗೆ ಹೇಳದೆ ಮುಚ್ಚಿಟ್ಟು ಆಡ್ತಾರಂತೆ. ಮ್ಯಾಚ್ ಮುಗಿದಮೇಲೆ ನೋವಿಗೆ ಗಾಂಜಾ ಸೇದ್ತಿದ್ದೆ ಅಂತಾನೂ ಮುಚ್ಚುಮರೆ ಇಲ್ಲದೆ ಹೇಳಿದ. ಅದು ಆ ಕಾಲದಲ್ಲಿ ಲೀಗಿನ ನಿಯಮಕ್ಕೆ ವಿರುದ್ಧ, ಮತ್ತೆ ಮತ್ತೆ ಸಿಕ್ಕಿಬಿದ್ದಿದ್ರೆ ಸಸ್ಪೆಂಡ್. ತಲೆ ಪೆಟ್ಟಿನ ವಿಷಯ ಆ ವರ್ಷಗಳಲ್ಲಿ ಎಲ್ಲರ ಮನಸ್ಸಲ್ಲೂ ಇತ್ತು. 2015ರಲ್ಲೇ ಹಳೇ ಆಟಗಾರರ ಮೆದುಳಿನ ಹಾನಿಗೆ ಪರಿಹಾರ ಕೊಡೋ ಭಾರಿ ಒಪ್ಪಂದಕ್ಕೆ ಕೋರ್ಟು ಒಪ್ಪಿಗೆ ಕೊಡ್ತು, ಅದೇ ವರ್ಷ ಸ್ಯಾನ್‌ಫ್ರಾನ್ಸಿಸ್ಕೋದ ಕ್ರಿಸ್ ಬೋರ್ಲೆಂಡ್ ಒಂದೇ ಸೀಸನ್ ಆಡಿ 24ಕ್ಕೇ ತಲೆ ಉಳಿಸ್ಕೊಳ್ಳೋಣ ಅಂತ ಬಿಟ್ಟ.

2015ರ ಸೀಸನ್ ಶುರುವಾಗೋಕೆ ಮುಂಚೆನೇ ಕ್ಯಾಲ್ವಿನ್ ಮನೆಯವರಿಗೆ ಇದೇ ಕೊನೆ ಅಂತ ಹೇಳಿಟ್ಟಿದ್ದ. ಆಮೇಲೆ ಅದು ತಿಳಿದು ಆ ಸೀಸನ್ನಿನ ಮ್ಯಾಚುಗಳನ್ನ ಮತ್ತೆ ನೆನಪಿಸ್ಕೊಂಡ್ರೆ ಬೇರೆಯೇ ಕಾಣುತ್ತೆ. ಸಿಯಾಟಲ್‌ನಲ್ಲಿ ಸೋಮವಾರ ರಾತ್ರಿ ಟಚ್‌ಡೌನ್ ಗೆರೆಗೆ ಒಂದು ಯಾರ್ಡ್ ಇದ್ದಾಗ ಇವನ ಕೈಯಿಂದ ಚೆಂಡು ಗುದ್ದಿ ಬೀಳಿಸಿದ್ರು, ಬಿದ್ದ ಚೆಂಡನ್ನ ಇನ್ನೊಬ್ಬ ಬೇಕಂತಲೇ ತಟ್ಟಿ ಹೊರಗೆ ಹಾಕಿದ, ಅದು ಫೌಲ್, ಅಂಪೈರ್ ಕೊಡಲಿಲ್ಲ, ತಪ್ಪಾಯ್ತು ಅಂತ ಲೀಗು ಮ್ಯಾಚ್ ಆದಮೇಲೆ ಒಪ್ಪಿಕೊಂಡ್ತು. 13-10ಕ್ಕೆ ಸೋಲು. ಥ್ಯಾಂಕ್ಸ್‌ಗಿವಿಂಗ್ ದಿನ, ಮಿಶಿಗನ್‌ನಲ್ಲಿ ಎಲ್ಲರ ಮನೇಲೂ ಟರ್ಕಿ ಜೊತೆ ಲಯನ್ಸ್ ಮ್ಯಾಚ್ ಇರಲೇಬೇಕು, ಆವತ್ತು ಫಿಲಡೆಲ್ಫಿಯಾ ಮೇಲೆ ಮೂರು ಟಚ್‌ಡೌನ್ ಹಿಡಿದ. ನಾನು ಪರಿಚಯದವರ ಮನೇಲಿ ನೋಡ್ತಿದ್ದೆ, ಮೂರನೇದಕ್ಕೆ ಆ ಮನೆ ಅಜ್ಜಿನೂ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಅದೇ ಅವನ ಕೊನೇ ಥ್ಯಾಂಕ್ಸ್‌ಗಿವಿಂಗ್ ಅಂತ ಆ ಕೋಣೇಲಿ ಯಾರಿಗೂ ಗೊತ್ತಿರ್ಲಿಲ್ಲ. ಕೊನೇ ಮ್ಯಾಚು 2016ರ ಜನವರಿ 3, ಅದೇ ಶಿಕಾಗೋದ ಸೋಲ್ಜರ್ ಫೀಲ್ಡ್, ಕ್ಯಾಚನ್ನ ಕ್ಯಾಚಲ್ಲ ಅಂದಿದ್ರಲ್ಲ ಅದೇ ಜಾಗ. 10 ಕ್ಯಾಚ್, 137 ಯಾರ್ಡ್, ಒಂದು ಟಚ್‌ಡೌನ್. ಗೆದ್ರು.

ಒಟ್ಟು ಲೆಕ್ಕ: 731 ಕ್ಯಾಚ್, 11,619 ಯಾರ್ಡ್, 83 ಟಚ್‌ಡೌನ್. ಆ ಒಂಬತ್ತು ವರ್ಷ ಲಯನ್ಸ್ ಗೆದ್ದಿದ್ದು 54, ಸೋತಿದ್ದು 90. ಪ್ಲೇಆಫ್ ಎರಡೇ ಮ್ಯಾಚು, ಎರಡೂ ಸೋಲು.

ಸೀಸನ್ ಮುಗಿದ ತಕ್ಷಣ ಕೋಚ್ ಜಿಮ್ ಕಾಲ್ಡ್‌ವೆಲ್‌ಗೆ ಹೋಗಿ ಹೇಳಿದ, ಅವರು ಆತುರ ಬೇಡ ಯೋಚನೆ ಮಾಡು ಅಂದ್ರು, ಎರಡು ತಿಂಗಳು ಹಾಗೇ ಹೋಯ್ತು. ಮಾರ್ಚಲ್ಲಿ ಸುದ್ದಿ ಅಧಿಕೃತ ಆದ ದಿನ ನಮ್ಮ ಆಫೀಸಿನ ಸೆಕ್ಯುರಿಟಿ ಡೆಸ್ಕಲ್ಲಿ ಕೂರ್ತಿದ್ದ ಹಿರಿಯರೊಬ್ಬರು 81ನೇ ನಂಬರಿನ ಜೆರ್ಸಿ ತಂದು ಕುರ್ಚಿ ಬೆನ್ನಿಗೆ ಹಾಕಿ ಕೂತಿದ್ರು. ಅವರಿಗೆ ಇದು ಎರಡನೇ ಸಲ.

ಮೊದಲ ಸಲ 1999. ಬ್ಯಾರಿ ಸ್ಯಾಂಡರ್ಸ್, ಲಯನ್ಸ್‌ನ ರನ್ನಿಂಗ್ ಬ್ಯಾಕ್, ಅಂದ್ರೆ ಚೆಂಡು ಕೈಲಿಟ್ಕೊಂಡು ಓಡೋ ಆಟಗಾರ, 15,269 ಯಾರ್ಡ್ ಓಡಿದ್ದವನು, ಆಗಿನ ಸಾರ್ವಕಾಲಿಕ ದಾಖಲೆ 16,726, ಇನ್ನೊಂದು ಒಳ್ಳೇ ಸೀಸನ್ ಆಡಿದ್ರೆ ಮುಟ್ಟಿಬಿಡ್ತಿದ್ದ. ಜುಲೈನಲ್ಲಿ ತನ್ನ ಹುಟ್ಟೂರಿನ ಪೇಪರಿಗೆ ಒಂದು ಫ್ಯಾಕ್ಸ್ ಕಳಿಸಿ ಆಟ ಬಿಟ್ಟ. ವಯಸ್ಸು 31. ಆಗಲೂ ಲಯನ್ಸ್ ಬೋನಸ್ ವಾಪಸ್ ಕೇಳಿದ್ರು, ವಿಷಯ ಮಧ್ಯಸ್ಥರ ಮುಂದೆ ಹೋಯ್ತು, ಅವನು ದುಡ್ಡು ಕಟ್ಟಬೇಕಾಯ್ತು, ಸಂಬಂಧ ಸರಿಹೋಗೋಕೆ ಎಷ್ಟೋ ವರ್ಷ ಹಿಡೀತು. ಅದೇ ಟೀಮು, ಅದೇ ಮನೆತನ, 17 ವರ್ಷದ ನಂತರ ಮತ್ತೆ ಅದೇ ಕೆಲಸ. ಒಂದು ಸಲ ಎಡವಿದ ಕಲ್ಲಿಗೆ ಮತ್ತೆ ಎಡವಿದ್ರು ಅಂತ ನನಗೆ ಹೊಟ್ಟೆ ಉರಿಯೋದು ಇಲ್ಲೇ.

ದುಡ್ಡಿನ ವ್ಯವಹಾರ ಹೀಗಿದೆ. ಕಾಂಟ್ರಾಕ್ಟಿಗೆ ಸಹಿ ಹಾಕಿದಾಗ ಸೈನಿಂಗ್ ಬೋನಸ್ ಅಂತ ಒಂದು ದೊಡ್ಡ ಮೊತ್ತ ಮುಂಚೆನೇ ಕೊಡ್ತಾರೆ. ಆದ್ರೆ ಟೀಮಿನ ಸಂಬಳದ ಮಿತಿಯ ಲೆಕ್ಕಕ್ಕೆ ಅದನ್ನ ಐದು ವರ್ಷದವರೆಗೂ ಹಂಚಿ ಬರ್ಕೋತಾರೆ. ಉದಾಹರಣೆಗೆ ಒಂದು ಕೋಟಿ ಕೊಟ್ಟು ಐದು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 20 ಲಕ್ಷ. ಆಟಗಾರ ನಾಲ್ಕು ವರ್ಷ ಆಡಿ ತಾನಾಗೇ ಬಿಟ್ಟು ಹೋದ್ರೆ ಐದನೇ ವರ್ಷದ 20 ಲಕ್ಷವನ್ನ ಅವನು ದುಡಿದಿಲ್ಲ ಅನ್ನೋದು ಕಾಗದದ ಅರ್ಥ, ಅದನ್ನ ವಾಪಸ್ ಕೇಳೋ ಹಕ್ಕು ಕ್ಲಬ್ಬಿಗೆ ಇದೆ, ಆಟಗಾರರ ಸಂಘ ಲೀಗಿನ ಜೊತೆ ಮಾಡ್ಕೊಂಡಿರೋ ಒಪ್ಪಂದದಲ್ಲೇ ಇದೆ. ಹಕ್ಕು ಇದೆ ಅಷ್ಟೇ, ಕೇಳಲೇಬೇಕು ಅಂತ ಎಲ್ಲೂ ಇಲ್ಲ. ಲಯನ್ಸ್ ಪೂರ್ತಿ ಕೇಳಲಿಲ್ಲ, ಒಂದು ಭಾಗ ಕೇಳಿದ್ರು. ಮೊದಮೊದಲು ಪೇಪರಲ್ಲಿ ಕನಿಷ್ಠ 10 ಲಕ್ಷ ಡಾಲರ್ ಅಂತ ಬಂತು, ಆಮೇಲೆ 16 ಲಕ್ಷ ಅನ್ನೋದು ಹೊರಗೆ ಬಂತು.

ಕ್ಲಬ್ಬಿನ ಕಡೆಯಿಂದಲೂ ನ್ಯಾಯವಾಗಿ ಯೋಚನೆ ಮಾಡ್ಬೇಕು. ಆಗಿನ ಅಧ್ಯಕ್ಷ ರಾಡ್ ವುಡ್ ಬಂದು ಕೆಲವೇ ತಿಂಗಳಾಗಿತ್ತು, ಜನರಲ್ ಮ್ಯಾನೇಜರ್ ಬಾಬ್ ಕ್ವಿನ್ 2016ರ ಜನವರಿಯಲ್ಲಷ್ಟೇ ಸೇರಿದ್ರು. ಇಬ್ಬರೂ ಕ್ಯಾಲ್ವಿನ್ ಆಟವನ್ನ ಹತ್ತಿರದಿಂದ ಕಂಡವರಲ್ಲ, ಅವರ ಮುಂದೆ ಇದ್ದಿದ್ದು ಫೈಲು. ಇವನಿಗೆ ಬಿಟ್ಟರೆ ಮುಂದೆ ಬಿಡೋರೆಲ್ಲಾ ನಮಗೂ ಬಿಡಿ ಅಂತಾರೆ ಅನ್ನೋದು ಅವರ ಲೆಕ್ಕ ಇದ್ದಿರಬಹುದು. ಇನ್ನೊಂದು ವಿಷಯ, 2017ರಲ್ಲಿ ಇಟಲಿಯಲ್ಲಿ ಒಂದು ಫುಟ್‌ಬಾಲ್ ಕ್ಯಾಂಪಿಗೆ ಹೋಗಿದ್ದಾಗ ಕ್ಯಾಲ್ವಿನ್ ಮನಸ್ಸು ಬಿಚ್ಚಿ ಮಾತಾಡಿದ. ಮೈ ನೋವು ಒಂದೇ ಅಲ್ಲ, ಈ ಟೀಮು ಸೂಪರ್ ಬೌಲ್ ಗೆಲ್ಲೋ ಲಕ್ಷಣ ಕಾಣಲಿಲ್ಲ, ಕಾಂಟ್ರಾಕ್ಟ್ ಇದ್ದಿದ್ರಿಂದ ಬೇರೆ ಕಡೆ ಹೋಗೋ ಹಾಗೂ ಇರ್ಲಿಲ್ಲ ಅನ್ನೋ ಅರ್ಥದ ಮಾತು. ಅದನ್ನ ಕೇಳಿದ ಕ್ಲಬ್ಬಿನವರಿಗೆ ನಾವು ಕೇಳಿದ್ದೇ ಸರಿ ಅನಿಸಿರಬಹುದು.

ನನಗೆ ಮಾತ್ರ ಅದನ್ನ ಕೇಳಿ ಇನ್ನೂ ಬೇಜಾರಾಯ್ತು. 54 ಗೆಲುವು, 90 ಸೋಲು ಅನ್ನೋ ಲೆಕ್ಕದ ಮುಂದೆ ಆ ಮಾತು ಇಟ್ಟು ನೋಡಿ. ಬೆರಳು ವಾಲಿದೆ, ಪಾದದ ಗಂಟು ಹೋಗಿದೆ, ಬೆಳಿಗ್ಗೆ ಎದ್ರೆ ಮೈ ಬಗ್ಗಲ್ಲ, ಇದನ್ನೆಲ್ಲಾ ಸಹಿಸಿಕೊಂಡು ಇನ್ನೊಂದು ವರ್ಷ ಆಡೋಕೆ ಮನುಷ್ಯನಿಗೆ ಒಂದು ಆಸೆ ಬೇಕು, ಈ ಸಲ ಗೆಲ್ತೀವಿ ಅನ್ನೋದು. ಆ ಆಸೆ ಕೊಡೋಕೆ ಒಂಬತ್ತು ವರ್ಷದಲ್ಲಿ ಟೀಮಿನ ಕೈಲಿ ಆಗಲಿಲ್ಲ. ಹಾಗಿರುವಾಗ ಐದನೇ ವರ್ಷದ ಪಾಲು ನೀನು ದುಡಿದಿಲ್ಲ ಅಂತ ಲೆಕ್ಕ ತೆಗೆಯೋದು ಕಾನೂನಿಗೆ ಸರಿ ಇರಬಹುದು, ಮನುಷ್ಯತ್ವಕ್ಕೆ ಸರಿ ಅಲ್ಲ. ಅವನು ಬಿಟ್ಟಿದ್ರಿಂದ ಆ ವರ್ಷ ಕೊಡಬೇಕಿದ್ದ ದೊಡ್ಡ ಸಂಬಳವೂ ಕ್ಲಬ್ಬಿಗೆ ಉಳೀತು. ಅದರ ಮುಂದೆ ಈ 16 ಲಕ್ಷ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಬೇರೆ ದಾರಿ ಇರ್ಲಿಲ್ವಾ ಅಂದ್ರೆ ಇತ್ತು. 2019ರ ಆಗಸ್ಟಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಟೀಮಿನ ಕ್ವಾರ್ಟರ್‌ಬ್ಯಾಕ್ ಆಂಡ್ರ್ಯೂ ಲಕ್, ವಯಸ್ಸು 29, ಸೀಸನ್ ಶುರುವಾಗೋಕೆ ಎರಡು ವಾರ ಇದ್ದಾಗ ಗಾಯಗಳಿಂದ ಸಾಕಾಗಿ ಹೋಗಿದೆ ಅಂತ ರಿಟೈರ್ ಆದ. ಕ್ಲಬ್ಬಿಗೆ ಅದಕ್ಕಿಂತ ಕೆಟ್ಟ ಹೊತ್ತು ಇರೋಕೆ ಸಾಧ್ಯ ಇಲ್ಲ. ಅವನ ಹತ್ರ ವಾಪಸ್ ಕೇಳಬಹುದಾಗಿದ್ದ ಮೊತ್ತ 2.48 ಕೋಟಿ ಡಾಲರ್ ಅಂತ ವರದಿಯಾಯ್ತು. ಕೋಲ್ಟ್ಸ್ ಒಂದು ಡಾಲರೂ ಕೇಳಲಿಲ್ಲ, ಇಟ್ಕೋ ಅಂದ್ರು. ಅದೇ ಲೀಗು, ಅದೇ ಒಪ್ಪಂದ.

ಕ್ಯಾಲ್ವಿನ್ ಬೀದಿಗೆ ಬಂದು ಜಗಳ ಆಡಲಿಲ್ಲ. ಕೇಸ್ ಹಾಕಲಿಲ್ಲ. ಕೇಳಿದಾಗ ಮಾತ್ರ ಒಂದೇ ಮಾತು: ನಾನು ವಾಪಸ್ ಬರಬೇಕು ಅಂದ್ರೆ ಅವರು ಏನು ಮಾಡ್ಬೇಕು ಅಂತ ಅವರಿಗೇ ಗೊತ್ತು, ಆ ದುಡ್ಡು ವಾಪಸ್ ಕೊಡಲಿ. ಮಿಶಿಗನ್‌ನಲ್ಲೇ ಉಳ್ಕೊಂಡ. ಹಳೇ ಟೀಮ್‌ಮೇಟ್ ರಾಬ್ ಸಿಮ್ಸ್ ಜೊತೆ ಸೇರಿ ಪ್ರಿಮಿಟಿವ್ ಅನ್ನೋ ಗಾಂಜಾ ಔಷಧಿ ಕಂಪನಿ ಮಾಡಿದ, ಅಲ್ಲಿ ಅದು ಕಾನೂನುಬದ್ಧ, ನೋವು ಮತ್ತೆ ತಲೆ ಪೆಟ್ಟಿಗೆ ಇದರಿಂದ ಏನಾದ್ರೂ ಉಪಯೋಗ ಇದೆಯಾ ಅಂತ ಸಂಶೋಧನೆಗೂ ಕೈಜೋಡಿಸಿದ. ಕ್ಲಬ್ಬಿನ ಬಾಗಿಲು ಮಾತ್ರ ದೂರ.

2021ರ ಫೆಬ್ರವರಿಯಲ್ಲಿ ಅರ್ಹನಾದ ಮೊದಲ ವರ್ಷವೇ ಹಾಲ್ ಆಫ್ ಫೇಮ್‌ಗೆ ಆರಿಸಿದ್ರು, ಆಗಸ್ಟಲ್ಲಿ ಒಹಾಯೋದ ಕ್ಯಾಂಟನ್‌ನಲ್ಲಿ ಸಮಾರಂಭ. ಆ ವರ್ಷವೇ ಲಯನ್ಸ್ ಒಂದು ಪ್ರಸ್ತಾಪ ಇಟ್ಟರು ಅಂತ ಡೆಟ್ರಾಯ್ಟ್ ಪೇಪರಲ್ಲಿ ಬಂತು. ಮೂರು ವರ್ಷ, ವರ್ಷಕ್ಕೆ 5 ಲಕ್ಷ ಡಾಲರ್, ಬದಲಿಗೆ ಕ್ಲಬ್ಬಿನ ಪರವಾಗಿ ಕಾರ್ಯಕ್ರಮಗಳಿಗೆ ಬರಬೇಕು, ಜೊತೆಗೆ ಅವನ ಫೌಂಡೇಶನ್ನಿಗೆ 1 ಲಕ್ಷ ದೇಣಿಗೆ. ಕೂಡಿಸಿ ನೋಡಿ, ಸರಿಯಾಗಿ 16 ಲಕ್ಷ. ಅವನು ಬೇಡ ಅಂದ. ಕೆಲವರು ಇದು ಹಠ ಅಂದ್ರು. ನಾನು ಹಾಗೆ ಅನ್ಕೊಳ್ಳಲ್ಲ. ಒಂದು ಸಲ ದುಡಿದು ತಗೊಂಡಿದ್ದನ್ನ ಕಿತ್ಕೊಂಡು, ಅದನ್ನೇ ಮತ್ತೆ ಕೊಡ್ತೀವಿ ಬಂದು ದುಡಿ ಅಂದ್ರೆ, ಸ್ವಾಭಿಮಾನ ಇರೋ ಯಾರೂ ಒಪ್ಪಲ್ಲ.

ಅದೇ ಸೆಪ್ಟೆಂಬರ್ 26ಕ್ಕೆ ಫೋರ್ಡ್ ಫೀಲ್ಡ್‌ನಲ್ಲಿ ಬಾಲ್ಟಿಮೋರ್ ಮ್ಯಾಚಿನ ಮಧ್ಯದಲ್ಲಿ ಅವನಿಗೆ ಹಾಲ್ ಆಫ್ ಫೇಮ್ ಉಂಗುರ ಕೊಟ್ಟರು. ಮಾಲಕಿ ಶೀಲಾ ಫೋರ್ಡ್ ಹ್ಯಾಂಪ್ ಮೈಕ್ ಹತ್ರ ಬಂದಾಗ ಇಡೀ ಸ್ಟೇಡಿಯಂ ಕೂಗಿ ಅಣಕಿಸ್ತು, ಅವರ ಮಾತೇ ಕೇಳಿಸಲಿಲ್ಲ. ಆಕೆ ತಾಯಿಯಿಂದ ಟೀಮು ವಹಿಸ್ಕೊಂಡು ಒಂದು ವರ್ಷ ದಾಟಿತ್ತಷ್ಟೇ, 2016ರ ನಿರ್ಧಾರದ ಹೊತ್ತಿಗೆ ಅಧಿಕಾರ ಆಕೆ ಕೈಲಿರ್ಲಿಲ್ಲ. ಆದ್ರೂ ಕೇಳಿಸಿಕೊಳ್ಳಬೇಕಾಯ್ತು. ಆ ದಿನ ಮ್ಯಾಚು ಬೇರೆ ಕೊನೇ ಕ್ಷಣದಲ್ಲಿ ಜಸ್ಟಿನ್ ಟಕರ್ 66 ಯಾರ್ಡ್ ದೂರದಿಂದ ಒದ್ದ ಕಿಕ್ಕಿಗೆ ಸೋತ್ರು, ಚೆಂಡು ಕೆಳಗಿನ ಕಂಬಿಗೆ ಬಡಿದು ಪುಟಿದು ಒಳಗೆ ಬಿತ್ತು.

ಹೊರಗೆ ಏನೂ ಕಾಣದೆ ಒಳಗೊಳಗೇ ಮಾತು ನಡೀತಿತ್ತು ಅನ್ಸುತ್ತೆ. 2021ರಲ್ಲಿ ಬಂದಿದ್ದ ಹೊಸ ಕೋಚ್ ಕೈಲಿ ಟೀಮು ಗೆಲ್ಲೋಕೆ ಶುರುವಾಯ್ತು, 2023ರಿಂದ ಕ್ಯಾಲ್ವಿನ್ ಪ್ರಾಕ್ಟೀಸ್ ನೋಡೋಕೆ ಬರೋದು, ಹುಡುಗರ ಜೊತೆ ಮಾತಾಡೋದು ಶುರುವಾಯ್ತು.

2024ರ ಸೆಪ್ಟೆಂಬರ್ 30, ಸೋಮವಾರ ರಾತ್ರಿ ಸಿಯಾಟಲ್ ಎದುರಿನ ಮ್ಯಾಚಿನ ಮಧ್ಯಂತರದಲ್ಲಿ ಫೋರ್ಡ್ ಫೀಲ್ಡ್‌ನ ಗೋಡೆ ಮೇಲೆ ಅವನ ಹೆಸರು ಏರಿಸಿದ್ರು, ಪ್ರೈಡ್ ಆಫ್ ದಿ ಲಯನ್ಸ್ ಅಂತಾರೆ, ಟೀಮಿನ ದೊಡ್ಡವರ ಸಾಲು, ಬ್ಯಾರಿ ಸ್ಯಾಂಡರ್ಸ್ ಹೆಸರೂ ಅಲ್ಲೇ ಇದೆ. ನಾನು ಆಗ ಬೆಂಗಳೂರಿಗೆ ವಾಪಸ್ ಬಂದಾಗಿತ್ತು, ಇಲ್ಲಿ ಮಂಗಳವಾರ ಬೆಳಿಗ್ಗೆ, ಮಗಳ ಸ್ಕೂಲ್ ಬಸ್ಸಿಗೆ ಇನ್ನೂ ಹೊತ್ತಿತ್ತು, ಫೋನನ್ನ ಕಾಫಿ ಡಬ್ಬಕ್ಕೆ ಒರಗಿಸಿ ನೋಡ್ತಿದ್ದೆ. ಆವತ್ತು ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಎಸೆದ 18 ಪಾಸೂ ಹಿಡಿದ್ರು, ಒಂದೂ ನೆಲಕ್ಕೆ ಬೀಳಲಿಲ್ಲ, 42-29ಕ್ಕೆ ಗೆದ್ರು. ಯಾರಪ್ಪಾ ಇವರು ಅಂತ ಮಗಳು ಕೇಳಿದ್ಲು. ಒಂಬತ್ತು ವರ್ಷ ಈ ಟೀಮಿಗೆ ಆಡಿದವರು ಅಂದೆ. ಗೆದ್ದಿದ್ರಾ ಅಂದ್ಲು. ಇಲ್ಲ ಪುಟ್ಟಾ, ಆಗ ತುಂಬಾ ಸೋಲ್ತಿದ್ರು, ಇವರು ಮಾತ್ರ ಕೊನೇವರೆಗೂ ಹಿಡೀತಿದ್ರು ಅಂದೆ, ಅಷ್ಟೊತ್ತಿಗೆ ಕೆಳಗೆ ಬಸ್ ಹಾರ್ನ್ ಹೊಡೀತು.